ಪೆಟ್ಟಿಗೆಯ ತಳದ ಹಾಲಿ ನೋಟು

ಹಳೆಯ ನೋಟುಗಳನ್ನು ಕೂಡಿಡುವ ಹವ್ಯಾಸ ನಮ್ಮ ಕೆಲವು ಮನೆಗಳಲ್ಲಿ ಬೇರೂರಿದೆಯೆಂದು ತಿಳಿದು ಸಂತೋಷಪಟ್ಟೆವು. ಅಂಚೆಚೀಟಿಯ ಹುಚ್ಚು ಹತ್ತಿದವರನ್ನು ಬಲ್ಲೆವು, ಬೆಂಕಿಪೆಟ್ಟಿಗೆಯ ಚಿತ್ರಗಳನ್ನು ಕೂಡಿಸಿದವರನ್ನೂ ಬಲ್ಲೆವು. ನೋಟಿನ ಹುಚ್ಚಿಗೆ ಮಾತ್ರ ಒಂದು ಸೌಕರ್ಯವುಂಟು. ಹುಡುಗ ದುಡ್ಡು ಕೂಡಿಡುತ್ತಿದ್ದಾನೆಂದು ಮನೆಯ ಹಿರಿಯರು ಮೆಚ್ಚಿಕೊಳ್ಳುತ್ತಾರೆ, ಅದು ಚಲಾವಣೆಯಿಲ್ಲದ ದುಡ್ಡೆಂದು ಗೊತ್ತಾಗುವವರೆಗೆ!

ವಿಶಾಖಪಟ್ಟಣ ಬಂದರಿನ ಊರು. ಹಡಗಿನ ಮೇಲೆ ಹೋಗಿಬರುವವರ ಮನೆಗಳಿಗೆ ದೇಶದೇಶದ ನೋಟುಗಳು ಬಂದು ಸೇರುವುದು ಸಹಜ. ಅವುಗಳಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆಯುವಂಥವು ಹೊಸದಾಗಿ ಸ್ವತಂತ್ರವಾದ ದೇಶಗಳ ಮೊದಲ ನೋಟುಗಳು. ಯೂರೋಪಿನ ಚೆಕೊಸ್ಲೊವಾಕಿಯವನ್ನೇ ನೋಡಿ. 1918ರ ಅಕ್ಟೋಬರ್ 28ರಂದು ಅದು ಸ್ವತಂತ್ರವಾಯಿತು. ಧ್ವಜ ಬಂತು, ಸರಕಾರ ಬಂತು, ಆದರೆ ಜನರ ಜೇಬಿನಲ್ಲಿದ್ದದ್ದು ಮುರಿದುಬಿದ್ದ ಆಸ್ಟ್ರಿಯ-ಹಂಗೇರಿ ಸಾಮ್ರಾಜ್ಯದ ನೋಟೇ. ಹಣಕಾಸಿನ ಮಂತ್ರಿ ಅಲೋಯಿಸ್ ರಾಶಿನ್ ಎಂಬವರು 1919ರಲ್ಲಿ ದೇಶದ ಗಡಿಗಳನ್ನು ಮುಚ್ಚಿಸಿ, ಹಳೆಯ ನೋಟುಗಳಿಗೆ ಹೊಸ ದೇಶದ ಚೀಟಿಯನ್ನು ಅಂಟಿಸಿಕೊಡುವ ಏರ್ಪಾಡು ಮಾಡಿದರು. ಜನ ತಂದ ಹಣದಲ್ಲಿ ಒಂದು ಪಾಲನ್ನು ಸರಕಾರ ಸಾಲವೆಂದು ಹಿಡಿದುಕೊಂಡಿತು. ಬಡವನಿಗೆ ಸ್ವಾತಂತ್ರ್ಯದ ಮೊದಲ ರುಚಿ ಹೀಗೆ!

ಆ ಸಾಮ್ರಾಜ್ಯದ ನೋಟಿನಲ್ಲಿ ಇನ್ನೊಂದು ವಿಶೇಷವಿತ್ತು. ಒಂದು ಮಗ್ಗುಲಿನಲ್ಲಿ ಹಂಗೇರಿಯನ್ ಭಾಷೆ, ಇನ್ನೊಂದರಲ್ಲಿ ಜರ್ಮನ್, ಅದರ ಜೊತೆಗೆ ಚೆಕ್, ಪೋಲಿಷ್ ಮೊದಲಾದ ಎಂಟು ಭಾಷೆಗಳಲ್ಲಿ ಮೊಬಲಗು. ಸಾಮ್ರಾಜ್ಯ ಒಡೆಯಿತು, ಭಾಷೆಗಳು ತಮ್ಮ ತಮ್ಮ ಮನೆಗೆ ಹೋದವು. ಅವೆಲ್ಲ ಒಂದೇ ಸೂರಿನಡಿ ಇದ್ದುದಕ್ಕೆ ನೋಟಿನ ಕಾಗದ ಸಾಕ್ಷಿಯಾಗಿ ಉಳಿಯಿತು.

ಇಂಥ ಸಾಕ್ಷಿಗಾಗಿ ಯೂರೋಪಿಗೆ ಹೋಗಬೇಕಾಗಿಲ್ಲ. ರಾಯಚೂರು, ಗುಲಬರ್ಗಾ, ಬೀದರ ಕಡೆಯಿಂದ ವಿಜಯವಾಡಕ್ಕೆ ಬಂದು ನೆಲೆಸಿದ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಅದು ಸಿಕ್ಕರೂ ಸಿಕ್ಕೀತು. ಹೈದರಾಬಾದ್ ಸಂಸ್ಥಾನದ ಉಸ್ಮಾನಿಯಾ ಸಿಕ್ಕದ ನೋಟನ್ನು ಕುರಿತು ಹೇಳುತ್ತಿದ್ದೇವೆ. ನಮ್ಮ ಹಿರಿಯರ ಬಾಯಲ್ಲಿ ಅದು 'ಹಾಲಿ'. ದೇಶೀ ಸಂಸ್ಥಾನಗಳು ನೋಟು ಹೊರಡಿಸುವುದು ಬ್ರಿಟಿಷರಿಗೆ ಒಪ್ಪಿಗೆಯಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದಾಗ ಮಣಿದರು. 1918ರಲ್ಲಿ ಹತ್ತು ಮತ್ತು ನೂರು ರೂಪಾಯಿಯ ನೋಟುಗಳು ಹೊರಟವು, ಮರುವರ್ಷ ಒಂದು ಮತ್ತು ಐದು ರೂಪಾಯಿಯವು. ಬರಹವೆಲ್ಲ ಉರ್ದು, ಆದರೆ ಮೊಬಲಗು ಮಾತ್ರ ಕನ್ನಡ, ತೆಲುಗು, ಮರಾಠಿ, ಇಂಗ್ಲಿಷುಗಳಲ್ಲಿಯೂ ಇತ್ತು. ಕಚೇರಿಯ ಉರ್ದುವಿನ ಮುಂದೆ ಕನ್ನಡ ಕೈಕಟ್ಟಿ ನಿಂತಿದ್ದ ಆ ಕಾಲದಲ್ಲಿ, ಉರ್ದು ಓದಲಾರದ ರೈತನೂ ತನ್ನ ಕೈಯ ಕಾಗದ ಎಷ್ಟರದೆಂದು ತನ್ನ ಲಿಪಿಯಲ್ಲಿಯೇ ಓದಿಕೊಳ್ಳಬಹುದಾಗಿತ್ತು. ಇದು ಸಣ್ಣ ಮಾತಲ್ಲ.

ಈ ಹಣಕ್ಕೆ ವಿಜಯವಾಡವೇ ಒಂದು ಗಡಿ. ನಿಜಾಮರ ರೈಲು 1889ರಲ್ಲಿ ಬೆಜವಾಡವನ್ನು ಮುಟ್ಟಿತು. ಊರು ಮಾತ್ರ ಬ್ರಿಟಿಷರ ಕೃಷ್ಣಾ ಜಿಲ್ಲೆಯದು, ಅಲ್ಲಿ ನಡೆಯುತ್ತಿದ್ದುದು ಕಲ್ದಾರ ರೂಪಾಯಿ. ಏಳು ಹಾಲಿಗೆ ಆರು ಕಲ್ದಾರ. ನೂರು ಕಲ್ದಾರ ಬೇಕಾದರೆ 116 ಹಾಲಿ ರೂಪಾಯಿ, 10 ಆಣೆ, 8 ಪೈ ಎಣಿಸಬೇಕಾಗಿತ್ತು. ಮಗ್ಗಿ ಬಾರದವನು ಗಡಿ ದಾಟುವುದು ಕಷ್ಟವೇ ಸರಿ.

1947ರಲ್ಲಿ ಭಾರತ ಸ್ವತಂತ್ರವಾದಾಗ ನಮ್ಮ ನೋಟಿನ ಮೇಲೂ ದೊರೆ ಆರನೆಯ ಜಾರ್ಜನೇ ಇದ್ದ. ಅವನ ಜಾಗಕ್ಕೆ ಗಾಂಧೀಜಿಯವರ ಚಿತ್ರ ಬರಲೆಂದು ಮೊದಲು ಯೋಚನೆಯಾಗಿ, ಮಾದರಿಗಳೂ ಸಿದ್ಧವಾಗಿದ್ದವು. ಕೊನೆಗೆ ಸಾರಾನಾಥದ ಸಿಂಹಸ್ತಂಭ ನಿಶ್ಚಯವಾಗಿ, 1949ರ ಒಂದು ರೂಪಾಯಿಯ ನೋಟಿನ ಮೇಲೆ ಬಂತು. ಪಾಕಿಸ್ತಾನದ ಕತೆ ಚೆಕ್ಕರದಕ್ಕೆ ಹತ್ತಿರ. ನಾಸಿಕದಲ್ಲಿ ಅಚ್ಚಾದ ಭಾರತದ ನೋಟಿನ ಮೇಲೆಯೇ 'ಪಾಕಿಸ್ತಾನ ಸರಕಾರ' ಎಂದು ಅಚ್ಚೊತ್ತಿ 1948ರಲ್ಲಿ ನಡೆಸಿದರು. ಹೈದರಾಬಾದು ತಾನೂ ಸ್ವತಂತ್ರ ದೇಶವಾಗಬೇಕೆಂದು ಹೊರಟಿತ್ತು. ಸಂಸ್ಥಾನದೊಳಗೆ ಭಾರತದ ನಾಣ್ಯ ಸಲ್ಲದೆಂದು ಅದು ಆಜ್ಞೆ ಹೊರಡಿಸಿದ್ದು ಆಗಲೇ. 1948ರ ಸೆಪ್ಟೆಂಬರಿನಲ್ಲಿ ಆ ಕನಸು ಮುಗಿಯಿತು. 1950ರಿಂದ ಎರಡು ರೂಪಾಯಿಗಳೂ ಜೊತೆಯಾಗಿ ನಡೆದವು, 1951ರಲ್ಲಿ ಹಾಲಿಯ ಹೊಸ ಹೊರಡಿಕೆ ನಿಂತಿತು, 1959ರಲ್ಲಿ ಅದರ ಚಲಾವಣೆಯೂ ರದ್ದಾಯಿತು. ಈ ನಡುವೆ, 1956ರ ನವೆಂಬರ್ 1ರಂದು, ನೋಟಿನ ಮೇಲಿದ್ದ ಕನ್ನಡ, ತೆಲುಗು, ಮರಾಠಿಗಳು ಮೂರು ರಾಜ್ಯಗಳಿಗೆ ಹಂಚಿಹೋಗಿದ್ದವು. ಸಂಸ್ಥಾನವೇ ಇಲ್ಲವಾದ ಮೇಲೆಯೂ ಮೂರು ವರ್ಷ ಅದರ ಹಣ ಉಸಿರಾಡಿತು!

ಹಾಲಿ ಕೊಟ್ಟು ಸಂತೆ ಮಾಡಿದ ನೆನಪುಳ್ಳವರು ಈಗ ಎಂಬತ್ತರ ಆಸುಪಾಸಿನವರು, ಅಥವಾ ಅದನ್ನು ದಾಟಿದವರು. ಅವರು ಮನೆಯಲ್ಲಿದ್ದರೆ ನೋಟನ್ನು ಅವರ ಕೈಗೆ ಕೊಟ್ಟು ಮಾತಾಡಿಸಿ, ಹೇಳಿದ್ದನ್ನು ಬರೆದಿಡಿ. ತೆಲುಗು ಶಾಲೆಗೋ ಇಂಗ್ಲಿಷ್ ಶಾಲೆಗೋ ಹೋಗುವ ಮೊಮ್ಮಗಳಿಂದ ಅದರ ಮೇಲಿನ ಕನ್ನಡದ ಅಕ್ಷರಗಳನ್ನು ಓದಿಸಿ. ಅಜ್ಜನ ನೋಟಿನಲ್ಲಿ ಕಲಿತ ಅಕ್ಷರ ಬೇಗ ಮರೆಯದು.

ಜೋಪಾನದ ವಿಷಯವಾಗಿ ಎರಡು ಮಾತು. ಹರಿದ ನೋಟಿಗೆ ಅಂಟು ಪಟ್ಟಿ ಹಚ್ಚಬೇಡಿ, ತೊಳೆದು ಇಸ್ತ್ರಿ ಮಾಡಬೇಡಿ, ಲ್ಯಾಮಿನೇಷನ್ನಂತೂ ಬೇಡವೇ ಬೇಡ. ಕಡಲ ತೇವದ ವಿಶಾಖಪಟ್ಟಣದಲ್ಲಿ ಅಗ್ಗದ ಪಿ.ವಿ.ಸಿ. ಚೀಲ ಕಾಗದವನ್ನು ಕೆಡಿಸುತ್ತದೆ. ಪಾಲಿಯೆಸ್ಟರ್ ಹಾಳೆಯ ನಡುವೆ ಮಡಿಕೆಯಿಲ್ಲದೆ ಇಟ್ಟರೆ ಸಾಕು.

ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಕಮಿಷನ್ ಕಳಿಸಿ ಎಂದು ಫೋನು ಮಾಡುವವರ ಮಾತಿಗೆ ಮರುಳಾಗಬೇಡಿ. ಹಳೆಯ ನೋಟು ನಾಣ್ಯಗಳ ವ್ಯಾಪಾರಕ್ಕೂ ತನಗೂ ಸಂಬಂಧವಿಲ್ಲ, ತನ್ನ ಹೆಸರಿನಲ್ಲಿ ಹಣ ಕೇಳುವವರು ಮೋಸಗಾರರು ಎಂದು ರಿಸರ್ವ್ ಬ್ಯಾಂಕು 2021ರಲ್ಲಿಯೇ ಎಚ್ಚರಿಸಿದೆ. 2016ರಲ್ಲಿ ರದ್ದಾದ ಐನೂರು, ಸಾವಿರದ ನೋಟುಗಳನ್ನು ಕೂಡಿಸುವವರಿಗೆ 2017ರ ಕಾಯಿದೆಯ ಕಟ್ಟೂ ಉಂಟು. ಸಾಮಾನ್ಯರು ಒಟ್ಟು 10, ಅಧ್ಯಯನ ಅಥವಾ ನಾಣ್ಯಸಂಗ್ರಹಕ್ಕಾಗಿಯಾದರೆ 25, ಅದಕ್ಕೆ ಮೀರಿ ಇಟ್ಟುಕೊಳ್ಳುವಂತಿಲ್ಲ.

ವಿಜಯವಾಡದ ಓದುಗರಲ್ಲಿ ಯಾರ ಮನೆಯಲ್ಲಾದರೂ ಒಂದು ರೂಪಾಯಿಯ ಹಾಲಿ ನೋಟಿದ್ದರೆ ಮುಂದಿನ ಸಂಚಿಕೆಯ ಮೊದಲು ನಮಗೆ ತಿಳಿಸಬೇಕು. ಅದು ಯಾರ ಕೈಯಿಂದ ಬಂತೆಂಬುದನ್ನು ನಾಲ್ಕು ಸಾಲು ಬರೆದು, ಜೊತೆಗೊಂದು ಫೋಟೋ ಇಟ್ಟರೆ ಸಾಕು. ನೋಟನ್ನು ಮಾತ್ರ ಅಂಚೆಗೆ ಹಾಕಬೇಡಿ.