ಮಕ್ಕಳ ಬಿಡಾರ ಕೊರವಂಗಲದಲ್ಲೇ ಇರಲಿ

2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಸತ್ತರು. ಅಂದಿನಿಂದ ಶೈಕ್ಷಣಿಕ ಪ್ರವಾಸ ಎಂದರೆ ಮುಖ್ಯೋಪಾಧ್ಯಾಯರ ಎದೆ ಡವಗುಟ್ಟುತ್ತದೆ. ಅಳುಕು ಸಹಜವೇ. ಹಾಗೆಂದು ಮಕ್ಕಳನ್ನು ಕಾಂಪೌಂಡಿನೊಳಗೆ ಕೂಡಿಹಾಕಿದರೆ ಏನೂ ಬಗೆಹರಿಯುವುದಿಲ್ಲ. ಕೈಬಿಡಬೇಕಾದದ್ದು ಹೊರಗೆ ಹೋಗುವುದನ್ನಲ್ಲ, ರಾಜ್ಯದ ಒಂದು ತುದಿಯಿಂದ ಇನ್ನೊಂದಕ್ಕೆ ಬಸ್ಸಿನಲ್ಲಿ ಧಾವಿಸಿ, ಜೊತೆಗಿದ್ದ ಯಾರಿಗೂ ಪರಿಚಯವಿಲ್ಲದ ನೀರಿನ ಮುಂದೆ ಮಕ್ಕಳನ್ನು ಇಳಿಸುವ ಪದ್ಧತಿಯನ್ನು.

ಹಾಸನ ಜಿಲ್ಲೆಯ ಪ್ರೌಢಶಾಲೆಗಳು ಎಂಟು, ಒಂಬತ್ತನೇ ತರಗತಿಯವರಿಗೆ ವರ್ಷಕ್ಕೊಮ್ಮೆ ತಮ್ಮ ತಾಲ್ಲೂಕಿನಲ್ಲೇ ಎರಡು ರಾತ್ರಿ ಬಿಡಾರ ಹೂಡಿಸಬೇಕು. ಪ್ರತಿ ವರ್ಷವೂ ಅದೇ ಜಾಗ.

ಕೊರವಂಗಲವನ್ನೇ ತೆಗೆದುಕೊಳ್ಳಿ. ಹಾಸನದಿಂದ ಸುಮಾರು 10 ಕಿ.ಮೀ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೇರಿದ 1173ರಲ್ಲಿ ಅವನ ಅಧಿಕಾರಿ ಬೂಚಿರಾಜ ಕಟ್ಟಿಸಿದ ಬೂಚೇಶ್ವರ ಗುಡಿ ಇಲ್ಲಿದೆ. ಶಿವನ ಗರ್ಭಗುಡಿಗೆ ಎದುರಾಗಿ ಸೂರ್ಯನ ಗುಡಿ. ಬಸ್ಸುಗಳೆಲ್ಲ ಬೇಲೂರು, ಹಳೇಬೀಡಿಗೆ ಓಡುತ್ತವೆ; 2023ರಲ್ಲಿ ಅವು ಯುನೆಸ್ಕೊ ಪಟ್ಟಿ ಸೇರಿದ ಮೇಲಂತೂ ಕೇಳುವುದೇ ಬೇಡ. ಅಲ್ಲಿ ಜನಜಂಗುಳಿಯಲ್ಲಿ ಸಾಲುಗಟ್ಟಿ ಒಂದು ಸುತ್ತು ಹಾಕಿ ಬರುವ ಮಗು ಇಲ್ಲಿ ಅರ್ಧ ದಿನ ಒಂದೇ ಗೋಡೆಯ ಮುಂದೆ ಕೂರಬಹುದು. ಕೈಗೆ ಅಳತೆ ಟೇಪು, ದಿಕ್ಸೂಚಿ ಕೊಡಿ, ಗುಡಿಯ ನಕ್ಷೆ ಬರೆಯಲಿ. ಬೆಳಗಿನ ಬಿಸಿಲು ಯಾವ ಕಂಬದವರೆಗೆ ಬಂತೆಂದು ಗುರುತು ಹಾಕಿಕೊಳ್ಳಲಿ. ಬಳಪದ ಕಲ್ಲಿನಲ್ಲಿ ಉಳಿ ಹೇಗೆ ಇಷ್ಟು ನಾಜೂಕಾಗಿ ಓಡಿತು ಎಂದು ಕೇಳಲಿ. ಶಾಸನದಲ್ಲಿ ತಮ್ಮ ಹೆಸರಿನ ಅಕ್ಷರ ಹುಡುಕಲಿ; ಎರಡು ಸಿಕ್ಕರೂ ಹಬ್ಬವೇ. ಸಮೀಪದಲ್ಲಿ ಗೋವಿಂದೇಶ್ವರ, ನಾಕೇಶ್ವರ ಗುಡಿಗಳು ಪಾಳುಬಿದ್ದಿವೆ. ಒಂದು ಉಳಿದು ಎರಡು ಬಿದ್ದದ್ದೇಕೆ? ಇದಕ್ಕೆ ಗೈಡ್ ಪುಸ್ತಕದಲ್ಲಿ ಉತ್ತರ ಸಿಗದು. ಊರಿನ ಹಿರಿಯರ ಜಗಲಿಗೆ ಹೋಗಬೇಕು.

ಚನ್ನರಾಯಪಟ್ಟಣದವರಿಗೆ ಶ್ರವಣಬೆಳಗೊಳದ ಬಂಡೆ ಇದೆ, ಹೊಳೆನರಸೀಪುರದವರಿಗೆ ಹೇಮಾವತಿಯ ದಂಡೆ, ಅರಕಲಗೂಡಿನವರಿಗೆ ರಾಮನಾಥಪುರದ ಕಾವೇರಿ. ಆನೆ ಓಡಾಡುವ ಕಡೆ ಮಾತ್ರ ಹಗಲಿನ ನಡಿಗೆಯೇ ಸಾಕು, ರಾತ್ರಿ ತಂಗುವುದು ಬೇಡ.

ಹತ್ತಿರದ್ದೆಲ್ಲ ಅಪಾಯವಿಲ್ಲದ್ದು ಎಂದು ನಾನು ಹೇಳುತ್ತಿಲ್ಲ. ಊರ ಕೆರೆಯೂ, ಕೃಷಿ ಹೊಂಡವೂ ಜೀವ ತೆಗೆಯುತ್ತವೆ. ಆದರೆ ಹೂಳು ತೆಗೆದ ಗುಂಡಿ ಎಲ್ಲಿದೆ ಎಂಬುದು ಊರಿನವರಿಗೆ ಗೊತ್ತಿರುತ್ತದೆ. ಶಿಕ್ಷಕರು ಮೊದಲೇ ಅವರ ಜೊತೆ ಒಂದು ಸುತ್ತು ನಡೆದು ಬರಬೇಕು. ಯಾರೂ ನೀರಿಗೆ ಇಳಿಯಕೂಡದು. 1941ರಲ್ಲಿ ಕರ್ಟ್ ಹಾನ್ ವೇಲ್ಸ್‌ನ ಅಬರ್ಡೋವಿಯಲ್ಲಿ 'ಔಟ್‌ವರ್ಡ್ ಬೌಂಡ್' ಶಾಲೆ ತೆರೆದಾಗ ಎಳೆಯ ನಾವಿಕರನ್ನು ಸುಮಾರು ಒಂದು ತಿಂಗಳು ಒಂದೇ ಕಡಲಂಚಿನಲ್ಲಿ ಇರಿಸಿಕೊಂಡರು. ಜಾಗ ಬಲ್ಲವರ ಕೈಯಲ್ಲಿ ಇದ್ದುದರಿಂದಲೇ ಆ ಹುಡುಗರಿಗೆ ಸಾಹಸ ಕಲಿಸಲು ಆಯಿತು.

ನಮ್ಮಲ್ಲೂ ಏನೂ ಇಲ್ಲವೆಂದಲ್ಲ. ಅರಣ್ಯ ಇಲಾಖೆಯ 'ಚಿಣ್ಣರ ವನದರ್ಶನ' ಇದೆ, ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಇದೆ. ಆಯ್ಕೆಯಾದವರಿಗೆ ಅದು ಭಾಗ್ಯ. ಉಳಿದ ಶಾಲೆಗಳು ಮಂಜೂರಾತಿಗೆ ಕಾಯುತ್ತ ಕೂರಬೇಕಾಗಿಲ್ಲ. ರಾತ್ರಿ ಖಾಲಿ ಇರುವ ಶಾಲಾ ಕಟ್ಟಡದಲ್ಲಿ ಮಲಗಬಹುದು. ಬಿಸಿಯೂಟದ ಅಡುಗೆಯವರಿಗೆ ಆ ಮೂರು ದಿನದ ಕೂಲಿಯನ್ನು ಬೇರೆಯಾಗಿ, ತಪ್ಪದೆ ಕೊಡಬೇಕು. ಹೆಣ್ಣುಮಕ್ಕಳಿಗೆ ಬಾಗಿಲು, ಚಿಲಕ, ನೀರು ಇರುವ ಶೌಚಾಲಯವಿಲ್ಲದ ಕಡೆ ಶಿಬಿರವೇ ಬೇಡ. ನೆಂಟರ ಮನೆ ಬಿಟ್ಟು ಬೇರೆಲ್ಲೂ ರಾತ್ರಿ ತಂಗದ ಹುಡುಗಿಯರು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಮಂದಿ. ಅವರ ತಾಯಂದಿರಲ್ಲಿ ಇಬ್ಬರನ್ನು ಜೊತೆಗೆ ಕರೆದರೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ.

ಪಾಠ ಹಿಂದೆ ಬೀಳುತ್ತದೆ ಎನ್ನುವವರಿದ್ದಾರೆ. 2019ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ ರಾಜ್ಯಕ್ಕೇ ಮೊದಲಿತ್ತು. ಆ ಹೆಮ್ಮೆ ನನಗೂ ಇದೆ. ಆದರೆ ವಿಶೇಷ ತರಗತಿಯ ಬಿಸಿ ಎಂಟನೆಯ ತರಗತಿಗೇ ತಟ್ಟಿದರೆ ಮಗು ಹೊರಗೆ ಕಾಲಿಡುವುದು ಯಾವಾಗ?

ಡಿಸೆಂಬರ್ ಒಳ್ಳೆಯ ಕಾಲ. ರಾಗಿ ಕೊಯ್ಲಾಗಿರುತ್ತದೆ, ಮೋಡ ಕಡಿಮೆ. ಊಟ ಮುಗಿಸಿ ಎಂಟು ಗಂಟೆಗೆ ಕಣದಲ್ಲಿ ಚಾಪೆ ಹಾಸಿ, ದೀಪ ಆರಿಸಿ ಮಲಗಿದರೆ ಪೂರ್ವದಲ್ಲಿ ಮಹಾವ್ಯಾಧನ ಮೂರು ನಕ್ಷತ್ರ ಸಾಲಾಗಿ ಮೇಲೇರುತ್ತಿರುತ್ತವೆ.