ಕಣ್ಣಿಗೆ ಕಾಣದ ಶೇ 0.3

ನಮ್ಮ ಹಾಸ್ಟೆಲ್‌ನಲ್ಲಿ ಗಾಂಜಾ ಎಂಬ ಪದ ಕಿವಿಗೆ ಬಿದ್ದರೆ ಸಾಕು, ವಾರ್ಡನ್ ಓಡಿಬರುತ್ತಾರೆ. ಆದರೆ ಇದೇ ಗಿಡವನ್ನು ಬೆಳೆಸಿ ಅಧ್ಯಯನ ಮಾಡಲು ಹಿಮಾಚಲ ಪ್ರದೇಶದ ಸಚಿವ ಸಂಪುಟ 2025ರ ಜನವರಿಯಲ್ಲಿ ಪಾಲಂಪುರ ಮತ್ತು ನೌಣಿಯ ವಿಶ್ವವಿದ್ಯಾಲಯಗಳಿಗೆ ಒಪ್ಪಿಗೆ ಕೊಟ್ಟಿತು. ಉತ್ತರಾಖಂಡ 2018ರಲ್ಲೇ ನಾರು, ಬೀಜಕ್ಕಾಗಿ ಹೆಂಪ್ ಬೆಳೆಯಲು ಪರವಾನಗಿ ನೀಡಿತ್ತು. (ಕುಮಾವೂಂ ಮನೆಗಳಲ್ಲಿ ಇದರ ಬೀಜದ ಚಟ್ನಿ ಹೊಸದೇನಲ್ಲ.) 1985ರ ಎನ್‌ಡಿಪಿಎಸ್ ಕಾಯ್ದೆಯ 14ನೇ ಸೆಕ್ಷನ್ ಇದಕ್ಕೆ ದಾರಿ ಬಿಟ್ಟಿದೆ. ಉತ್ತರಾಖಂಡದ ಪರವಾನಗಿಯ ಒಂದು ಷರತ್ತು: ನಶೆಯೇರಿಸುವ ಟಿಎಚ್‌ಸಿ ಅಂಶ ಶೇ 0.3 ದಾಟಬಾರದು.

ಸುದ್ದಿ ಓದಿದ ಗೆಳೆಯನಿಗೆ ಪ್ರಾಜೆಕ್ಟ್ ಐಡಿಯಾ ಹೊಳೆಯಿತು. ‘ಗಿಡದ ಫೋಟೊ ಹಾಕಿದರೆ ಬೀಜಕ್ಕೆ ಇಟ್ಟುಕೊಳ್ಳಬಹುದೋ ಬೇಡವೋ ಅಂತ ಹೇಳೋ ಆ್ಯಪ್ ಮಾಡೋಣ ಮಗಾ’ ಅಂದ. ನಾನೂ ಎರಡು ದಿನ ಕುಣಿದೆ. ನಮ್ಮ ತಾತ ರಾಗಿ ಹೊಲದಲ್ಲಿ ದಪ್ಪ ತೆನೆ ನೋಡಿಯೇ ಬಿತ್ತನೆಗೆ ಎತ್ತಿಡುತ್ತಿದ್ದರು. ಆ ಕೆಲಸವನ್ನು ಕ್ಯಾಮೆರಾ ಮಾಡಿದರಾಯಿತು ಅಂದುಕೊಂಡೆ.

ಓದುತ್ತಾ ಹೋದಂತೆ ಉತ್ಸಾಹ ಇಳಿಯಿತು. ನಾರಿಗೆ ಬೇಕಾದ ಗಿಡವನ್ನು ಕಣ್ಣಿನಿಂದ ಆರಿಸಬಹುದು ನಿಜ: ಎತ್ತರ, ನೇರ ಕಾಂಡ, ಕಡಿಮೆ ಕವಲು. ಅಲ್ಲೂ ಮೋಸವಿದೆ. ಒತ್ತಾಗಿ ಬಿತ್ತಿದರೆ ಸಪೂರವಾಗಿ ಮೇಲೇರುವ ಗಿಡ, ಅಂತರ ಬಿಟ್ಟರೆ ಪೊದೆಯಂತೆ ಕವಲೊಡೆಯುತ್ತದೆ. ಬೀಜ ಅದೇ, ರೂಪ ಬೇರೆ. ಟಿಎಚ್‌ಸಿ ವಿಷಯದಲ್ಲಂತೂ ಕಣ್ಣು ಪೂರ್ತಿ ಸೋಲುತ್ತದೆ. ಗಿಡದೊಳಗಿನ ಒಂದೇ ಕಚ್ಚಾ ವಸ್ತುವನ್ನು ಒಂದು ಕಿಣ್ವ ಟಿಎಚ್‌ಸಿ ಕಡೆಗೆ ಒಯ್ಯುತ್ತದೆ, ಇನ್ನೊಂದು ನಶೆಯೇರಿಸದ ಸಿಬಿಡಿ ಕಡೆಗೆ. ಯಾವ ಕಿಣ್ವ ಎಂಬುದು ತಂದೆ ತಾಯಿ ಗಿಡಗಳಿಂದ ಬರುವ ಜೀನ್‌ಗಳ ಲೆಕ್ಕ. ಎಲೆಯ ಆಕಾರದಲ್ಲಿ ಅದರ ಸುಳಿವಿಲ್ಲ. ಈ ಜಾತಿಯಲ್ಲಿ ಸಾಮಾನ್ಯವಾಗಿ ಗಂಡು, ಹೆಣ್ಣು ಬೇರೆ ಬೇರೆ ಗಿಡ. ಬೀಜದ ಅರ್ಧ ಗುಣ ಗಂಡಿನದು. ಆದರೆ ಅಂಟುಳ್ಳ ಹೂಗೊಂಚಲೇ ಬಿಡದ ಗಂಡು ಗಿಡವನ್ನು ನೋಡಿ ಏನನ್ನು ಅಳೆಯುವುದು? ಅದರ ಪರಾಗ ಗಾಳಿಯಲ್ಲಿ ಕಿಲೊಮೀಟರ್‌ಗಟ್ಟಲೆ ಹೋಗುತ್ತದೆ. ಹಿಮಾಲಯದ ರಸ್ತೆಬದಿಯಲ್ಲೆಲ್ಲ ತಾನಾಗಿ ಬೆಳೆದ ಗಾಂಜಾ ಗಿಡಗಳಿವೆ. ಇಂದು ಶುದ್ಧವಾಗಿರುವ ತಳಿ, ರೈತ ತಾನೇ ಬೀಜ ಉಳಿಸಿಕೊಂಡರೆ ಕೆಲವೇ ಬೆಳೆಗಳಲ್ಲಿ ಬೆರಕೆಯಾಗಬಹುದು.

ಇನ್ನೊಂದು ತಮಾಷೆ. ಈ 0.3 ಎಂಬ ಗೆರೆ ನಶೆಯ ಅಳತೆಯಿಂದ ಬಂದದ್ದಲ್ಲ. 1976ರಲ್ಲಿ ಅರ್ನೆಸ್ಟ್ ಸ್ಮಾಲ್ ಮತ್ತು ಆರ್ಥರ್ ಕ್ರಾಂಕ್ವಿಸ್ಟ್ ಎಂಬ ಸಸ್ಯವಿಜ್ಞಾನಿಗಳು ಗಿಡಗಳನ್ನು ವರ್ಗೀಕರಿಸಲು ಎಳೆದುಕೊಂಡ ಗೆರೆ ಅದು. ಮುಂದೆ ಹಲವು ದೇಶಗಳ ಕಾನೂನಿಗೆ ಅದೇ ಆಧಾರವಾಯಿತು.

ಹಾಗಾಗಿ ಬೆಟ್ಟದ ರೈತನ ಮುಂದಿರುವ ಅಪಾಯ ಸಣ್ಣದಲ್ಲ. ಆರೈಕೆ ಮಾಡಿ ಬೆಳೆಸಿದ ಹೊಲ 0.3 ದಾಟಿದೆ ಎಂದು ಗೊತ್ತಾಗುವುದು ಪ್ರಯೋಗಾಲಯದ ವರದಿ ಬಂದಾಗ. ಅಷ್ಟರಲ್ಲಿ ಖರ್ಚೆಲ್ಲ ಆಗಿರುತ್ತದೆ. ಪರೀಕ್ಷಿಸಿದ ಬೀಜವನ್ನು ಪ್ರತಿ ವರ್ಷ ಸರ್ಕಾರವೇ ಕೊಡಬೇಕು, ಪರೀಕ್ಷೆಯ ವೆಚ್ಚವನ್ನೂ ಹೊರಬೇಕು. ಇಲ್ಲವಾದರೆ ಪರವಾನಗಿ ಕೊಟ್ಟು ಪ್ರಯೋಜನವೇನು?

ನಮ್ಮ ಆ್ಯಪ್ ಅಲ್ಲಿಗೇ ನಿಂತಿತು. ಹೊಲದ ಸುತ್ತ ಕಾಡು ಗಿಡ ಎಲ್ಲೆಲ್ಲಿದೆ ಎಂದು ಡ್ರೋನ್ ಚಿತ್ರಗಳಿಂದ ಗುರುತಿಸಲು ಆಗುತ್ತದೆಯೇ ಎಂದು ಗೆಳೆಯ ಈಗ ತಲೆ ಕೆಡಿಸಿಕೊಂಡಿದ್ದಾನೆ. ಗೈಡ್‌ಗೆ ವಿಷಯ ಹೇಗೆ ಹೇಳುವುದು ಎಂಬುದೇ ಇನ್ನೂ ಗೊತ್ತಾಗಿಲ್ಲ.