ಕೆಸರಿಗೆ ಫೋರ್ ಬೈ ಫೋರೇ ಬೇಕಾ?

ಜೂನ್ ಕಳೆದು ಜುಲೈ ಹಿಡೀತು ಅಂದ್ರೆ ನಮ್ಮ ಹಾಸ್ಟೆಲ್ ಮೆಸ್ಸಿನಲ್ಲಿ ಒಂದು ವಾದ ಶುರುವಾಗುತ್ತೆ. ತೀರ್ಥಹಳ್ಳಿ, ಕೊಪ್ಪ, ಸಿದ್ದಾಪುರ, ಸಕಲೇಶಪುರ ಕಡೆಯ ಹುಡುಗರು ಮನೆಗೆ ಫೋನ್ ಮಾಡಿದಾಗ ಬರೋ ಮೊದಲ ಸುದ್ದಿ ಮಳೆಯದ್ದು, ಎರಡನೇದು "ಪಿಕಪ್ಪು ಹೂತುಹೋಗಿದೆ" ಅನ್ನೋದು. ಅದರ ಬೆನ್ನಿಗೇ ಮೂರನೇದು: "ಇದನ್ನ ಮಾರಿ ಫೋರ್ ಬೈ ಫೋರ್ ತಗೊಳ್ಳೋದೇ ಸೈ." ಮೆಸ್ಸಿನಲ್ಲಿ ಕೂತ ಭಾವಿ ಎಂಜಿನಿಯರುಗಳೂ ಇದಕ್ಕೆ ಹೂಂಗುಟ್ಟುತ್ತಾರೆ. ಯೂಟ್ಯೂಬಿನಲ್ಲಿ ನೋಡಿದ ಗಾಡಿಗಳ ಹೆಸರೆಲ್ಲ ಹೊರಗೆ ಬರುತ್ತೆ. ಸಾಲ ಎಷ್ಟು, ಕಂತು ಎಷ್ಟು, ಆ ವರ್ಷ ಕೊಳೆರೋಗ ಬಂದ್ರೆ ಕಂತು ಕಟ್ಟೋರು ಯಾರು ಅನ್ನೋ ಪ್ರಶ್ನೆ ಮಾತ್ರ ಯಾರೂ ಎತ್ತಲ್ಲ.

ನನ್ನ ಅಭಿಪ್ರಾಯ ಇಷ್ಟು: ಮಲೆನಾಡಿನ ಬಹುಪಾಲು ಮನೆಗಳಿಗೆ ಈಗಿರೋ ಟೂ ವೀಲ್ ಡ್ರೈವ್ ಪಿಕಪ್ಪೇ ಸಾಕು. ಅದನ್ನ ಮಳೆಗಾಲಕ್ಕೆ ತಯಾರು ಮಾಡೋ ಖರ್ಚು ಹೊಸ ಗಾಡಿಯ ಒಂದೆರಡು ಕಂತಿನಷ್ಟೂ ಆಗಲ್ಲ. ಆದ್ರೆ ಆ ದುಡ್ಡನ್ನ ಎಲ್ಲಿಗೆ ಹಾಕಬೇಕು ಅನ್ನೋದು ಗೊತ್ತಿರಬೇಕು. ನಾವು ಬಹಳ ಜನ ತಪ್ಪು ಜಾಗಕ್ಕೆ ಹಾಕ್ತೀವಿ.

ಮೊದಲು ಲೆಕ್ಕ ನೋಡೋಣ, ಎಷ್ಟಾದ್ರೂ ಎಂಜಿನಿಯರಿಂಗ್ ಕಾಲೇಜು. ಬೊಲೆರೊ ಪಿಕಪ್ ಇರಲಿ, ದೋಸ್ತ್ ಇರಲಿ, ಟಾಟಾ ಏಸ್ ಇರಲಿ, ನಮ್ಮೂರ ರಸ್ತೆಯಲ್ಲಿ ದಿನಾ ಕಾಣೋ ಇವೆಲ್ಲ ಹಿಂದಿನ ಚಕ್ರ ಎಳೆಯೋ ಗಾಡಿಗಳು. ಎಂಜಿನ್ ಮುಂದೆ, ತೊಟ್ಟಿ ಹಿಂದೆ. ತೊಟ್ಟಿ ಖಾಲಿ ಇದ್ದಾಗ ಭಾರ ಎಲ್ಲ ಮುಂದೆ ಕೂತಿರುತ್ತೆ, ಕೆಲಸ ಮಾಡಬೇಕಾದ ಚಕ್ರಗಳು ಹಗುರ. ಗಾಡಿ 1750 ಕೆಜಿ, ಅದರಲ್ಲಿ ಹಿಂದಿನ ಆಕ್ಸಲ್ ಮೇಲೆ 700 ಕೆಜಿ ಅಂತ ಇಟ್ಕೊಳ್ಳಿ. ಜಂಬಿಟ್ಟಿಗೆ ನೆಲದ ಮೇಲೆ ತೆಳ್ಳಗೆ ಕೆಸರು ಕೂತ ದಾರಿಗೆ ಮ್ಯೂ 0.3 ಅಂತ ಹಿಡಿಯೋಣ. ಅಂದ್ರೆ ಹಿಂದಿನ ಚಕ್ರ ಜಾರದೆ ಕೊಡಬಹುದಾದ ಎಳೆತ ಹೆಚ್ಚಂದ್ರೆ 210 ಕೆಜಿ. ಈಗ ಹತ್ತಡಿಗೆ ಒಂದಡಿ ಏರು. ಏರಿಗೆ 175, ಉರುಳೋ ತಡೆಗೆ ನೂರಕ್ಕೆ ಮೂರರ ಲೆಕ್ಕದಲ್ಲಿ ಇನ್ನೊಂದು 52. ಒಟ್ಟು 227 ಬೇಕು, ಕೈಯಲ್ಲಿರೋದು 210. ಗಾಡಿ ನಿಂತಿತು. ಆಕ್ಸಿಲರೇಟರ್ ಎಷ್ಟು ತುಳಿದರೂ ಆ 210 ಅನ್ನೋ ಸಂಖ್ಯೆ ಮೇಲೇಳಲ್ಲ, ಚಕ್ರ ಗುಂಡಿ ತೋಡುತ್ತೆ ಅಷ್ಟೇ.

ಈಗ ಒಂದು 200 ಲೀಟರಿನ ಡ್ರಮ್ಮಿಗೆ ನೀರು ತುಂಬಿ ಹಿಂದಿನ ಆಕ್ಸಲ್ಲಿನ ನೇರ ಮೇಲೆ ಕಟ್ಟಿ. ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಕಲಸೋಕೆ ಅಂತ ಆ ಡ್ರಮ್ ಹೇಗೂ ಮನೆಯಲ್ಲಿರುತ್ತೆ. ಹಿಂದೆ 900 ಕೆಜಿ ಆಯ್ತು, ಎಳೆತ 270. ಗಾಡಿಯ ಒಟ್ಟು ತೂಕ ಏರಿದ್ದರಿಂದ ಬೇಕಾದದ್ದೂ ಏರಿ ಸುಮಾರು 253 ಆಗುತ್ತೆ. ಆದರೂ ಗಾಡಿ ಹತ್ತುತ್ತೆ. ಖರ್ಚು ಸೊನ್ನೆ. ಡ್ರಮ್ಮನ್ನ ಹಗ್ಗ ಹಾಕಿ ಬಿಗಿಯಾಗಿ ಕಟ್ಟಬೇಕು, ಬಾಯಿವರೆಗೆ ತುಂಬಿರಬೇಕು. ಅರ್ಧ ತುಂಬಿದ್ರೆ ತಿರುವಿನಲ್ಲಿ ನೀರು ಹೊಯ್ದಾಡಿ ಗಾಡಿಯನ್ನೇ ಎಳೆಯುತ್ತೆ. ತೊಟ್ಟಿಯ ತೀರಾ ಹಿಂದಕ್ಕೂ ಇಡಬಾರದು, ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳಲ್ಲ.

ಒಂದು ತಕರಾರು ಇಲ್ಲೇ ಬರಬೇಕು, ಬರಲಿ. ಇದೇ ಗಾಡಿಗೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋದ್ರೆ ಅದೇ ಕೆಸರಲ್ಲಿ 525 ಕೆಜಿ ಎಳೆತ ಸಿಗುತ್ತಲ್ಲ? ಸಿಗುತ್ತೆ. ಫೋರ್ ಬೈ ಫೋರ್ ಮೇಲು ಅನ್ನೋದರಲ್ಲಿ ವಾದವೇ ಇಲ್ಲ. ನಾನು ಕೇಳೋದು, ನಿಮ್ಮ ಮನೆ ದಾರಿಗೆ 525 ಬೇಕಾ, 260 ಬೇಕಾ ಅಂತ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮೀರಿ ಮಳೆ ಬೀಳುತ್ತೆ, ನಿಜ. ಆದ್ರೆ ಟಾರ್ ರಸ್ತೆಯಿಂದ ಮನೆಯಂಗಳದವರೆಗಿನ ಒಂದು ಕಿಲೋಮೀಟರಿನಲ್ಲಿ ನಿಜವಾಗಿ ಕೈಕೊಡೋದು ಎರಡು ಜಾಗ, ಮೂರು ಜಾಗ. ಆ ಮೂರು ಜಾಗಕ್ಕೋಸ್ಕರ ವರ್ಷವಿಡೀ ಟ್ರಾನ್ಸ್‌ಫರ್ ಕೇಸು, ಮುಂದಿನ ಡಿಫರೆನ್ಷಿಯಲ್ಲು ಹೊತ್ಕೊಂಡು ಡೀಸೆಲ್ ಸುಡೋದು ಬೇಕಾ? ಮನೆಯೇ ಹೊಳೆ ಆಚೆ ಇದೆ, ದಾರಿಯೇ ಹುದುಲು ಅಂದ್ರೆ ಬೇರೆ ಮಾತು. ಅಂಥವರು ತಗೊಳ್ಳಲಿ.

ಕೆಸರು ಅಂತ ಒಂದೇ ಮಾತಲ್ಲಿ ಹೇಳಿದ್ರೂ ತಪ್ಪಾಗುತ್ತೆ. ನಮ್ಮ ಭಾಷೆಗೇ ಇದು ಗೊತ್ತು. ಕೊಚ್ಚೆ, ರಾಡಿ, ಅರಲು, ಹುದುಲು, ಎಲ್ಲಾ ಬೇರೆ ಬೇರೆ. ಗದಗ, ವಿಜಯಪುರದ ಕಡೆ ಎರೆ ಮಣ್ಣು ನೆನೆದರೆ ಟೈರಿನ ಗೀರುಗಳನ್ನೆಲ್ಲ ತುಂಬಿಬಿಡುತ್ತೆ. ನಾಲ್ಕು ಸುತ್ತಿಗೆ ಟೈರು ನುಣ್ಣಗೆ ರೊಟ್ಟಿ ಹಿಟ್ಟಿನ ಉಂಡೆ ಆಗಿರುತ್ತೆ. ಅಲ್ಲಿ ಭಾರ ಹೇರಿದ್ರೆ ಗಾಡಿ ಇನ್ನಷ್ಟು ಇಳಿಯುತ್ತೆ. ಮಲೆನಾಡಲ್ಲಿ ಹೆಚ್ಚಾಗಿ ಕೆಳಗೆ ಗಟ್ಟಿ ನೆಲ, ಮೇಲೆ ಜಾರಿಕೆ. ಇಲ್ಲಿ ಭಾರ ಕೆಲಸ ಮಾಡುತ್ತೆ, ಟೈರು ಆ ಮೇಲಿನ ಪದರ ಕೊರೆದು ಗಟ್ಟಿ ನೆಲ ಮುಟ್ಟಬೇಕು. ಮೇಲಿನ ಡ್ರಮ್ಮಿನ ಉಪಾಯ ಕೇಳಿ ಯಾರಾದ್ರೂ ನರಗುಂದದ ಹೊಲಕ್ಕೆ ಇಳಿದರೆ ನಾನು ಜವಾಬ್ದಾರ ಅಲ್ಲ.

ದುಡ್ಡಿನ ವಿಷಯಕ್ಕೆ ಬರೋಣ. ಕೈಯಲ್ಲಿರೋದರಲ್ಲಿ ದೊಡ್ಡ ಪಾಲು ಹಿಂದಿನ ಎರಡು ಟೈರಿಗೆ ಹೋಗಬೇಕು. ಲಾರಿಯವರು ತಲೆಮಾರುಗಳಿಂದ ಮಾಡ್ಕೊಂಡು ಬಂದದ್ದು ಇದನ್ನೇ: ಮುಂದೆ ರಿಬ್ ಟೈರು, ಹಿಂದೆ ಲಗ್ ಟೈರು. ಮುಂದಿನದಕ್ಕೆ ದಿಕ್ಕು ಹಿಡಿಯೋ ಕೆಲಸ, ಹಿಂದಿನದಕ್ಕೆ ನೆಲ ಕಚ್ಚೋ ಕೆಲಸ. ನಾವು ಪಿಕಪ್ಪಿಗೆ ನಾಲ್ಕಕ್ಕೂ ಒಂದೇ ಹಾಕಿಸಿ, ಅದೂ ಮೈಲೇಜ್ ಟೈರು ಹಾಕಿಸಿ, ಆಮೇಲೆ ಗಾಡಿಯನ್ನ ಬೈತೀವಿ. ಮೇಲಿನ ಲೆಕ್ಕದಲ್ಲಿ ಟೈರಿನಿಂದ 0.3 ಇದ್ದದ್ದು 0.35 ಆದರೂ ಖಾಲಿ ಗಾಡಿಯ ಎಳೆತ 245 ಆಗುತ್ತೆ, ಡ್ರಮ್ಮಿಲ್ಲದೇ ಏರು ಮುಗೀತು. ಹೊಸದಕ್ಕೆ ದುಡ್ಡಿಲ್ಲ ಅಂದ್ರೆ ಒಳ್ಳೆ ಕೇಸಿಂಗ್ ಇರೋ ಹಳೇ ಟೈರಿಗೆ ಲಗ್ ಮಾದರಿಯಲ್ಲಿ ರೀಟ್ರೆಡ್ ಮಾಡಿಸಬಹುದು, ನಂಬಿಕಸ್ತರ ಹತ್ತಿರ, ಹಿಂದಿನ ಚಕ್ರಕ್ಕೆ ಮಾತ್ರ. ಅಳತೆ ಮಾತ್ರ ಕಂಪನಿ ಕೊಟ್ಟದ್ದೇ ಇರಲಿ. ದೊಡ್ಡ ಟೈರು ಹಾಕಿದ್ರೆ ಗಾಡಿ ಎತ್ತರ ಕಾಣುತ್ತೆ, ಆದ್ರೆ ಟೈರಿನ ವ್ಯಾಸ ನೂರಕ್ಕೆ ಐದು ಹೆಚ್ಚಿದ್ರೆ ಫಸ್ಟ್ ಗೇರಿನ ಎಳೆತವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತೆ. ಏರು ಹತ್ತುವಾಗ ಕ್ಲಚ್ಚು ಅದರ ಬೆಲೆ ಕಟ್ಟುತ್ತೆ.

ಎರಡನೇದು ಗಾಳಿ. ಇದರ ಬಗ್ಗೆ ನಮ್ಮಲ್ಲಿ ವಿಚಿತ್ರ ಹಟ ಇದೆ. ಗಾಳಿ ಕಲ್ಲಿನಂತೆ ಇರಬೇಕು ಅನ್ನೋರೇ ಹೆಚ್ಚು. ಒಂದು ಟೈರಿನ ಮೇಲೆ 350 ಕೆಜಿ ಇದೆ, ಗಾಳಿ 50 ಪಿ.ಎಸ್.ಐ., ಅಂದ್ರೆ ಚದರ ಸೆಂ.ಮೀ.ಗೆ ಸುಮಾರು ಮೂರೂವರೆ ಕೆಜಿ. ನೆಲಕ್ಕೆ ಅಂಟೋ ಜಾಗ 100 ಚದರ ಸೆಂ.ಮೀ., ಅಂಗೈಯಷ್ಟು. 25ಕ್ಕೆ ಇಳಿಸಿದ್ರೆ ಸೂತ್ರದ ಪ್ರಕಾರ 200. ಟೈರಿನ ಪಕ್ಕದ ಗೋಡೆಯೂ ಸ್ವಲ್ಪ ಭಾರ ಹೊರುತ್ತೆ, ಹಾಗಾಗಿ ನಿಜದಲ್ಲಿ ಪೂರ್ತಿ ದುಪ್ಪಟ್ಟು ಆಗಲ್ಲ. ಆದರೂ ಮೆತ್ತನೆ ನೆಲದಲ್ಲಿ ಹೂಳೋದು ಕಾಣುವಷ್ಟು ಕಮ್ಮಿ ಆಗುತ್ತೆ. ಷರತ್ತುಗಳು ಗಟ್ಟಿ: ಗಾಡಿ ಖಾಲಿ ಅಥವಾ ಹಗುರ ಇರಬೇಕು, ನಡಿಗೆ ವೇಗದಲ್ಲಿ ಹೋಗಬೇಕು, ಟಾರ್ ಮುಟ್ಟಿದ ಕೂಡಲೇ ಮತ್ತೆ ತುಂಬಿಸಬೇಕು. ಟ್ಯೂಬ್ ಇರೋ ಟೈರಾದ್ರೆ ತೀರಾ ಇಳಿಸಬಾರದು, ರಿಮ್ಮಿನ ಮೇಲೆ ಟೈರು ಜಾರಿ ವಾಲ್ವನ್ನೇ ಕಿತ್ತುಹಾಕುತ್ತೆ. ಹಾಗಾಗಿ ಒಂದು ಗೇಜು, ಒಂದು ಬ್ಯಾಟರಿ ಪಂಪು ಅಥವಾ ಕಾಲುಪಂಪು ತಗೊಳ್ಳಿ. ಗಾಡಿಗೆ ಕೊಂಡ ಯಾವ ಅಲಂಕಾರಕ್ಕಿಂತ ಇದು ಹೆಚ್ಚು ದುಡಿಯುತ್ತೆ.

ಇನ್ನು ಡಿಫರೆನ್ಷಿಯಲ್. ಪರೀಕ್ಷೆಯಲ್ಲಿ ಬೆವೆಲ್ ಗೇರುಗಳ ಚಿತ್ರ ಬಿಡಿಸಿ ಹತ್ತು ಅಂಕ ತಗೊಂಡಿರ್ತೀವಿ. ಅದೇ ಚಿತ್ರ ಬಿಡಿಸಿದವನೇ ಒಂದು ಚಕ್ರ ಗಿರಗಿರ ತಿರುಗಿ ಇನ್ನೊಂದು ಸುಮ್ಮನೆ ನಿಂತಾಗ "ಎಂಜಿನ್‌ಗೆ ಪವರ್ ಸಾಲ್ತಿಲ್ಲ" ಅಂತಾನೆ. ಮಾಮೂಲಿ ಡಿಫರೆನ್ಷಿಯಲ್ ಎರಡೂ ಕಡೆಗೆ ಸಮಾನ ಟಾರ್ಕ್ ಕೊಡುತ್ತೆ. ಜಾರೋ ಚಕ್ರ ತಿರುಗೋಕೆ ಅತ್ಯಲ್ಪ ಸಾಕು, ಹಾಗಾಗಿ ಗಟ್ಟಿ ನೆಲದಲ್ಲಿರೋ ಚಕ್ರಕ್ಕೂ ಅಷ್ಟೇ ಅತ್ಯಲ್ಪ. ಇದಕ್ಕೆ ಹಳೇ ಡ್ರೈವರುಗಳ ಉಪಾಯ ಹ್ಯಾಂಡ್‌ಬ್ರೇಕು. ಹಿಂದಿನ ಚಕ್ರಕ್ಕೆ ಕೆಲಸ ಮಾಡೋ ಹ್ಯಾಂಡ್‌ಬ್ರೇಕನ್ನ ಒಂದೆರಡು ಹಲ್ಲು ಎಳೆದು, ನಿಧಾನ ಆಕ್ಸಿಲರೇಟರ್ ಕೊಟ್ಟರೆ ಜಾರೋ ಚಕ್ರಕ್ಕೂ ತಡೆ ಸಿಕ್ಕಿ ಇನ್ನೊಂದಕ್ಕೆ ಟಾರ್ಕ್ ಹೋಗುತ್ತೆ. ಪವಾಡ ಆಗಲ್ಲ, ಆದ್ರೆ ಅರ್ಧ ಅಡಿ ಮುಂದೆ ಹೋಗೋಕೆ ಎಷ್ಟೋ ಸಲ ಇದೇ ಸಾಕು. ಕೆಲವರು ಒಳಗಿನ ಗೇರುಗಳನ್ನೇ ವೆಲ್ಡ್ ಮಾಡಿಸ್ತಾರೆ. ದಯವಿಟ್ಟು ಬೇಡ. ಟಾರ್ ರಸ್ತೆಯ ತಿರುವಿನಲ್ಲಿ ಗಾಡಿ ತಿರುಗಲು ಒಪ್ಪಲ್ಲ, ಟೈರು ಸವೆಯುತ್ತೆ, ಹಾಫ್ ಶಾಫ್ಟ್ ಮುರಿಯೋದು ಬರೀ ಸಮಯದ ಪ್ರಶ್ನೆ.

ಸರಿಯಾದ ಪರಿಹಾರ ಮಾರುಕಟ್ಟೆಯಲ್ಲೇ ಇದೆ. ಬೊಲೆರೊ ನಿಯೊದ ಒಂದು ಮಾದರಿ ಹಿಂದಿನ ಚಕ್ರದ ಗಾಡಿಯೇ ಆಗಿದ್ದೂ, ಚಕ್ರ ಜಾರಿದಾಗ ತಾನಾಗೇ ಬಿಗಿಯೋ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಜೊತೆ ಬಂತು. ಮನೆಮಂದಿ ಕೂರೋ ಕಾರಿಗೆ ಕೊಡೋಕೆ ಆಗುತ್ತೆ ಅಂದ್ರೆ ಹಾಲು, ಗೊಬ್ಬರ, ಅಡಿಕೆ ಹೊರೋ ಗಾಡಿಗೂ ಅದನ್ನ ಮಾಮೂಲಿ ಸೌಲಭ್ಯವಾಗಿ ಕೊಡಬೇಕು. ರೈತ ಕೇಳೋದು ನಾಲ್ಕು ಚಕ್ರದ ಡ್ರೈವ್ ಅಲ್ಲ, ಹಿಂದಿನ ಎರಡೂ ಒಟ್ಟಿಗೆ ತಿರುಗಲಿ ಅಂತ. ಆಟೋಮೊಬೈಲ್ ಕಂಪನಿಗೆ ಸೇರೋ ನಮ್ಮ ಸೀನಿಯರುಗಳು ಮೀಟಿಂಗಿನಲ್ಲಿ ಇದನ್ನೊಂದು ಸಲ ಬಾಯಿಬಿಟ್ಟು ಹೇಳಲಿ.

ಖರ್ಚು ಮಾಡಬಾರದ ಜಾಗಗಳಲ್ಲಿ ಮೊದಲನೇದು ಎತ್ತರಿಸೋದು. ಲೀಫ್ ಸ್ಪ್ರಿಂಗಿಗೆ ಪಟ್ಟಿ ಸೇರಿಸಿ, ಶ್ಯಾಕಲ್ ಉದ್ದ ಮಾಡಿಸಿ ಎರಡು ಇಂಚು ಎತ್ತಿಸ್ತಾರೆ. ಪಿಕಪ್ಪಿನ ಹಿಂದೆ ಇರೋದು ಗಟ್ಟಿ ಆಕ್ಸಲ್. ಚಾಸಿ ಮೇಲೆ ಹೋಗುತ್ತೆ ನಿಜ, ಆದ್ರೆ ಕೆಸರಲ್ಲಿ ಉಳೋದು ಡಿಫರೆನ್ಷಿಯಲ್ಲಿನ ಬುರುಡೆ. ಅದು ಚಕ್ರದ ಮಧ್ಯಕ್ಕೇ ಅಂಟಿಕೊಂಡಿರುತ್ತೆ, ಒಂದು ಮಿ.ಮೀ. ಕೂಡ ಮೇಲೇಳಲ್ಲ. ಸಿಗೋದು ಮೇಲೆದ್ದ ಗುರುತ್ವ ಕೇಂದ್ರ, ಕೋನ ತಪ್ಪಿದ ಪ್ರೊಪೆಲ್ಲರ್ ಶಾಫ್ಟ್, ಬೇಗ ಸಾಯೋ ಜಾಯಿಂಟು. ಮೇಲಾಗಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಸಲ್ಲದು ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಎಲ್‌ಇಡಿ ಬಾರು, ಸ್ನಾರ್ಕೆಲ್ಲು ಇವುಗಳ ಬಗ್ಗೆ ಏನೂ ಹೇಳಲ್ಲ. ಕೆಸರು ಬೆಳಕಿಗೆ ಹೆದರಿದ ಉದಾಹರಣೆ ಇಲ್ಲ. ಹಾರ್ಸ್‌ಪವರ್ ಹುಚ್ಚಿಗೂ ಮದ್ದು ನಮ್ಮ ವರ್ಕ್‌ಶಾಪಿನಲ್ಲೇ ಇದೆ: ಬಾಜಾ ಸ್ಪರ್ಧೆಗೆ ಕಟ್ಟೋ ಬಗ್ಗಿಗಳಿಗೆ ವರ್ಷಗಟ್ಟಲೆ ಬಳಸಿದ್ದು 305 ಸಿ.ಸಿ.ಯ 10 ಎಚ್.ಪಿ. ಎಂಜಿನ್ನು, ಎಷ್ಟೋ ಬಗ್ಗಿಗಳಿಗೆ ಹಿಂದಿನ ಚಕ್ರದ ಡ್ರೈವ್ ಮಾತ್ರ. ಅವು ಕೆಸರಲ್ಲಿ ಓಡಲ್ವಾ?

ಉಳಿದ ಸಾಮಾನೆಲ್ಲ ಊರಲ್ಲೇ ಸಿಗುತ್ತೆ. ಹಳೇ ಜೀಪಿನವರು ಮಳೆಗಾಲಕ್ಕೆ ಚಕ್ರಕ್ಕೆ ಚೈನ್ ಸುತ್ತೋದು ನೋಡಿದ್ದೀರಿ, ಪಿಕಪ್ಪಿನ ಹಿಂದಿನ ಚಕ್ರಕ್ಕೂ ಅದನ್ನ ಅಳತೆಗೆ ಮಾಡಿಸಬಹುದು. ಸಡಿಲ ಇದ್ರೆ ಬ್ರೇಕ್ ಪೈಪಿಗೆ ಬಡಿಯುತ್ತೆ, ಬಿಗಿಯಾಗಿರಬೇಕು. ಟಾರಿಗೆ ಬಂದ ತಕ್ಷಣ ಬಿಚ್ಚಬೇಕು, ಇರೋ ರಸ್ತೆಯನ್ನೂ ನಾವೇ ಕೆರೆದು ಹಾಕೋದು ಬೇಡ. ಎರಡು ಗುದ್ದಲಿ, ಜಾಕಿನ ಕೆಳಗೆ ಇಡೋಕೆ ಅಗಲ ಹಲಗೆ, ಗಟ್ಟಿ ನೈಲಾನ್ ಹಗ್ಗ. ಹಗ್ಗ ಕಟ್ಟೋದು ಚಾಸಿಯ ಕೊಕ್ಕೆಗೆ, ಬಂಪರಿಗಲ್ಲ. ಎಳೆಯುವಾಗ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು. ಅಡಿಕೆ ದಬ್ಬೆಯನ್ನ ಮೂರಡಿ ಉದ್ದಕ್ಕೆ ಕತ್ತರಿಸಿ ತಂತಿಯಲ್ಲಿ ಏಣಿಯಂತೆ ಹೆಣೆದರೆ ಚಕ್ರದಡಿ ಹಾಕೋಕೆ ಆನ್‌ಲೈನಿನ ಪ್ಲಾಸ್ಟಿಕ್ ಹಲಗೆಗಿಂತ ಏನೂ ಕಮ್ಮಿ ಇಲ್ಲ, ಮುರಿದರೆ ಇನ್ನೊಂದು. ಇದನ್ನ ಹಾಕಿದಾಗ ಗಾಡಿಯ ಹಿಂದೆ ಜನ ಇರಬಾರದು, ಚಕ್ರ ಅದನ್ನ ಬಾಣದ ಥರ ಎಸೆಯುತ್ತೆ.

ಇಳಿಜಾರಿನ ಮಾತು ಒಂದು ಹೇಳಲೇಬೇಕು, ಯಾಕಂದ್ರೆ ಅಪಾಯ ಇರೋದು ಅಲ್ಲೇ. ಫೋರ್ ಬೈ ಫೋರಿಗೂ ಬ್ರೇಕು ನಾಲ್ಕೇ ಚಕ್ರಕ್ಕೆ, ನಮ್ಮದಕ್ಕೂ ನಾಲ್ಕೇ. ಹತ್ತಿಸೋಕೆ ಆದ ಏರನ್ನೆಲ್ಲ ಇಳಿಸೋಕೆ ಆಗುತ್ತೆ ಅನ್ನೋ ಧೈರ್ಯ ಅದರ ಮಾಲೀಕರಿಗೆ ಜಾಸ್ತಿ. ಫಸ್ಟ್ ಗೇರು, ಕ್ಲಚ್ ಮುಟ್ಟದೆ ಇಳಿಯೋದು, ಹಿಂದುಗಡೆ ಜಾರೋಕೆ ಶುರುವಾದ್ರೆ ಬ್ರೇಕ್ ಬಿಟ್ಟು ಚೂರೇ ಆಕ್ಸಿಲರೇಟರ್ ಕೊಟ್ಟು ನೇರ ಮಾಡ್ಕೊಳ್ಳೋದು. ಇದು ಬರೋದು ಅಭ್ಯಾಸದಿಂದ, ಅಂಗಡಿಯಲ್ಲಿ ಸಿಗಲ್ಲ.

ಮಳೆಗಾಲದ ನಡುವೆ ಡಿಫರೆನ್ಷಿಯಲ್ ಬ್ರೀದರನ್ನೂ ನೋಡಿ. ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತೆ, ಬ್ರೀದರ್ ಕಟ್ಟಿದ್ರೆ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತೆ, ಆಯಿಲ್ ಹಾಲಿನಂತಾಗುತ್ತೆ. ಒಂದು ರಬ್ಬರ್ ಪೈಪು ಹಾಕಿ ಅದರ ಬಾಯಿಯನ್ನ ಚಾಸಿಯ ಎತ್ತರಕ್ಕೆ ಒಯ್ದರೆ ಮುಗೀತು.

"ಇದೆಲ್ಲ ಬಿಡಿ, ರಸ್ತೆ ಸರಿ ಮಾಡಿಸಿ" ಅನ್ನೋರಿಗೆ ನನ್ನ ಪೂರ್ತಿ ಬೆಂಬಲ ಇದೆ. ಚರಂಡಿ ಇಲ್ಲದ ರಸ್ತೆಯ ಬಗ್ಗೆ ಸಿವಿಲ್‌ನವರು ಮುಂದಿನ ಸಂಚಿಕೆಗೆ ಬರೆಯಲಿ. ಅಷ್ಟರೊಳಗೆ ಮೆಕ್ಯಾನಿಕಲ್‌ನವರು ಊರಿಗೆ ಹೋದಾಗ ಒಂದು ಮಧ್ಯಾಹ್ನದ ಪ್ರಯೋಗ ಮಾಡಬಹುದು. ಮನೆಯ ಪಿಕಪ್ಪನ್ನ ಜಾಕಿನಲ್ಲಿ ಎತ್ತಿ, ಹಿಂದಿನ ಟೈರಿಗೆ ಕಪ್ಪು ಬಣ್ಣ ಬಳಿದು, ರಟ್ಟಿನ ಮೇಲೆ ಇಳಿಸಿ. 50ರಲ್ಲೊಂದು ಅಚ್ಚು, 40ರಲ್ಲೊಂದು, 25ರಲ್ಲೊಂದು. ಗ್ರಾಫ್ ಹಾಳೆಯಲ್ಲಿ ಚೌಕ ಎಣಿಸಿ ಕಳಿಸಿ, ಯಾವ ಟೈರು, ಖಾಲಿ ಗಾಡಿಯೋ ಹೇರಿದ್ದೋ ಅನ್ನೋದೂ ಬರೆದಿರಲಿ. ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಒಂದೇ ಕೋಷ್ಟಕದಲ್ಲಿ ಹಾಕೋಣ.